ಎಣಿಸುವಾಗ ಮಾತಾಡಬಾರದು

"ಸ್ವಲ್ಪ ಬಲಕ್ಕೆ ವಾಲಿಸಿ... ಇನ್ನೂ ಸ್ವಲ್ಪ... ಅಯ್ಯೋ, ಗೋಡೆಗೆ ತಾಗುತ್ತೆ!"

ಮೇಲೆ ಮನೆ, ಕೆಳಗೆ ಅಂಗಡಿ. ನಡುವಿನ ಮೆಟ್ಟಿಲಲ್ಲಿ ಇಬ್ಬರು ಎದುರಾದರೆ ಒಬ್ಬರು ಗೋಡೆಗೆ ಅಂಟಿಕೊಳ್ಳಬೇಕು. ಅಣ್ಣ ಇಷ್ಟು ವರ್ಷವೂ ಬೆಳಿಗ್ಗೆ ಈ ಮೆಟ್ಟಿಲನ್ನು ಗುನುಗಿಕೊಂಡು ಇಳಿದು ರಾತ್ರಿ ಬೈದುಕೊಂಡು ಹತ್ತುತ್ತಿದ್ದ. ಇವತ್ತು ಅವನನ್ನು ಸ್ಟ್ರೆಚರಿಗೆ ಕಟ್ಟಿ ಇಳಿಸುತ್ತಿದ್ದರು. ತಲೆಯ ಕಡೆ ಶವದ ಗಾಡಿಯವರು ಹಿಡಿದಿದ್ದರು. ಭಾರವೆಲ್ಲ ಬಂದು ಬೀಳುವ ಕಾಲಿನ ಕಡೆ ತಮ್ಮ ಹಿಡಿದಿದ್ದ.

"ನೀವು ಬಿಡಿ, ನಾನು ಹಿಡೀತೀನಿ. ಎರಡೂ ಮೊಣಕಾಲು ಆಪರೇಷನ್ ಆದವರು ನೀವು" ಎಂದ ಎದುರಂಗಡಿಯ ಕ್ಷೌರಿಕ.

"ಬೇಡ. ನಾನೇ ಹಿಡೀತೀನಿ."

"ಹಟ ಮಾಡ್ಬೇಡಿ. ಮಧ್ಯದಲ್ಲಿ ಕಾಲು ಕೈಕೊಟ್ರೆ ಇನ್ನೊಂದು ಗಾಡಿ ಕರೆಸ್ಬೇಕಾಗುತ್ತೆ."

ಯಾರೂ ನಗಲಿಲ್ಲ. ಆಡಿದವನಿಗೇ ಆ ಮಾತು ನಾಲಿಗೆ ಮೇಲೆ ಕಹಿಯಾಯಿತು. ಆಗ ಮೇಲಿನ ಬಾಗಿಲಿನಿಂದ ಅಣ್ಣನ ಮಗಳ ದನಿ ಬಂತು. ಪರವೂರಿನಲ್ಲಿ ಶಾಲೆಯ ಟೀಚರು ಅವಳು. ರಾತ್ರಿಯಿಡೀ ಬಸ್ಸಿನಲ್ಲಿ ಕೂತು ಬಂದಿದ್ದಳು.

"ಬಿಡಿ, ಹಿಡ್ಕೊಳ್ಳಲಿ. ಚಿಕ್ಕಪ್ಪನ ಕಾಲಿಗೇನಾಗುತ್ತೆ? ಈ ಮನೇಲಿ ಹೊಸದು ಅಂತ ಇರೋದು ಅವೆರಡೇ."

ತಮ್ಮನಿಗೆ ಅರ್ಥವಾಗಲಿಲ್ಲ. ದುಃಖದಲ್ಲಿರುವವರ ಮಾತಿಗೆ ಅರ್ಥ ಹುಡುಕಬಾರದು ಎಂದುಕೊಂಡು ಇನ್ನೊಂದು ಮೆಟ್ಟಿಲು ಇಳಿದ. ಕಾಲು ಕೈಕೊಡಲಿಲ್ಲ. ಡಾಕ್ಟರು ಹೇಳಿದ ಹಾಗೆ ಮೊಣಕಾಲುಗಳು ಗಟ್ಟಿಯಾಗಿ, ನೋವಿಲ್ಲದೆ, ಅಣ್ಣನ ಭಾರವನ್ನು ತಡೆದುಕೊಂಡವು.

ಕೆಳಗೆ ಅಂಗಡಿಯ ಶಟರು ಅರ್ಧ ತೆರೆದಿತ್ತು. ನಿನ್ನೆ ಬೆಳಿಗ್ಗೆ ಅಣ್ಣನನ್ನು ಮೇಲಕ್ಕೆ ಹೊತ್ತೊಯ್ದಾಗಿನಿಂದ ಅದನ್ನು ಎತ್ತಲೂ ಯಾರಿಗೂ ಮನಸ್ಸಾಗಿರಲಿಲ್ಲ, ಮುಚ್ಚಲೂ ಆಗಿರಲಿಲ್ಲ. ಸುಟ್ಟ ಮೋಟಾರುಗಳಿಗೆ ಹೊಸದಾಗಿ ತಾಮ್ರದ ತಂತಿ ಸುತ್ತಿಕೊಡುವ ಅಂಗಡಿ ಅದು. ಮೇಜಿನ ಮೇಲೆ ಕೈಯಿಂದ ತಿರುಗಿಸುವ ಸುತ್ತುವ ಯಂತ್ರ, ಅದರ ಮರದ ಅಚ್ಚಿನ ಮೇಲೆ ಅರ್ಧ ಸುತ್ತಿದ ತಂತಿ. ತಮ್ಮ ವಾರ್ನಿಷ್ ತರಲು ಹೋಗಿ ಬರುವಷ್ಟರಲ್ಲಿ ಅಣ್ಣ ಹಿಡಿಕೆಯ ಮೇಲೆ ಕೈಯಿಟ್ಟುಕೊಂಡೇ ಮೇಜಿಗೆ ಹಣೆಹಚ್ಚಿ ಮಲಗಿಬಿಟ್ಟಿದ್ದ. ತಮ್ಮ ಬಾಗಿಲಲ್ಲಿ ಸುಮ್ಮನೆ ನಿಂತಿದ್ದ, ಎಣಿಸುತ್ತಿದ್ದಾನೇನೋ ಎಂದು. ಎಣಿಸುವಾಗ ಅಣ್ಣನನ್ನು ಮಾತಾಡಿಸಬಾರದಿತ್ತು.

*

ಸುತ್ತು ಎಣಿಸುವಾಗ ಅಣ್ಣನಿಗೆ ಲೋಕವೇ ಇರಲಿಲ್ಲ. ಬಲಗೈ ಹಿಡಿಕೆ ತಿರುಗಿಸುತ್ತಿತ್ತು, ತುಟಿ ಸದ್ದಿಲ್ಲದೆ ಅಲುಗುತ್ತಿತ್ತು, ಹತ್ತು ಸುತ್ತಿಗೊಮ್ಮೆ ತಲೆ ಹೂಂ ಎಂಬಂತೆ ಆಡುತ್ತಿತ್ತು. ಯಾರಾದರೂ ಮಾತಾಡಿಸಿದರೆ ಎಡಗೈಯ ತೋರುಬೆರಳು ಮೇಲಕ್ಕೆದ್ದು ನಿಲ್ಲುತ್ತಿತ್ತು. ತಡಿ ಎಂದು ಅರ್ಥ. ಗಿರಾಕಿಗಳು ತಡೆಯುತ್ತಿದ್ದರು, ಹೆಂಡತಿ ತಡೆಯುತ್ತಿದ್ದಳು, ಊಟವೂ ತಡೆಯುತ್ತಿತ್ತು. ಒಂದು ಸುತ್ತು ಹೆಚ್ಚುಕಡಿಮೆಯಾದರೆ ಮೋಟಾರು ಬಿಸಿಯಾಗಿ ಮತ್ತೆ ಅಂಗಡಿಗೇ ಬರುತ್ತದೆ. ಹಾಗೆ ವಾಪಸು ಬಂದ ಮೋಟಾರು ಅಣ್ಣನಿಗೆ ಗಂಡನ ಮನೆಯಿಂದ ಅಳುತ್ತ ಬಂದ ಮಗಳಿದ್ದಂತೆ. ರಾತ್ರಿ ನಿದ್ದೆ ಬರುತ್ತಿರಲಿಲ್ಲ.

ಆರೋಗ್ಯ ವಿಮೆಯ ಏಜೆಂಟ್ ಮೊದಲ ಸಲ ಬಂದಾಗ ಹಳೆಯ ಪಂಪಿನ ಕವಚವೊಂದನ್ನು ಮಗುಚಿ ಅದರ ಮೇಲೆ ಕೂತಿದ್ದ. ಮೆತ್ತಗಿನ ಮನುಷ್ಯ, ಮಾತಿಗೆ ಮೊದಲು ಎರಡು ಸಲ ಕೆಮ್ಮುತ್ತಿದ್ದ.

"ಎರಡು ದಾರಿ ಇದೆ ಅಣ್ಣಾವ್ರೇ. ನೀವು ಗಂಡ ಹೆಂಡ್ತಿಗೆ ಒಂದು ಪಾಲಿಸಿ, ತಮ್ಮ ಅವರ ಮನೆಯವರಿಗೆ ಇನ್ನೊಂದು. ಇಲ್ಲಾಂದ್ರೆ ನಾಲ್ಕೂ ಜನಕ್ಕೆ ಸೇರಿ ಒಂದೇ. ಕಂತು ಕಡಿಮೆ ಬೀಳುತ್ತೆ. ಆದ್ರೆ ಯಾರು ಮೊದಲು ಆಸ್ಪತ್ರೆ ಸೇರ್ತಾರೋ ಅವರು ಬಳಸಿ ಉಳಿದಷ್ಟೇ ಮಿಕ್ಕವರಿಗೆ. ವರ್ಷ ತಿರುಗಿದ್ರೆ ಮತ್ತೆ ಪೂರ್ತಿ."

"ಅಂದ್ರೆ ಬಚ್ಚಲ ಹಂಡೆ ಇದ್ದ ಹಾಗೆ" ಎಂದ ಅಣ್ಣ.

"ಹಾಗೇ ಅನ್ನಿ."

"ಮೊದಲು ಮಿಂದವನು ಬಿಸಿನೀರೆಲ್ಲ ಸುರ್ಕೊಂಡ್ರೆ ಕೊನೆಯವನಿಗೆ ತಣ್ಣೀರು."

"ಹೌದು."

"ನಮ್ಮನೇಲಿ ಕೊನೆಗೆ ಮೀಯೋನು ನಾನೇ. ತಣ್ಣೀರಲ್ಲಿ ಮಿಂದೂ ಮಿಂದೂ ಕಲ್ಲಾಗಿದ್ದೀನಿ. ಒಂದೇ ಇರ್ಲಿ."

ಟೀ ತಂದಿದ್ದ ಅತ್ತಿಗೆ ಲೋಟ ಕೊಡುತ್ತ, "ಬೇರೆ ಬೇರೆ ಮಾಡ್ಸಿದ್ರೆ ಏನಂತೆ? ಅವರೇ ಹೇಳ್ತಿದ್ದಾರಲ್ಲ" ಎಂದಳು.

"ಇವತ್ತು ಪಾಲಿಸಿ ಬೇರೆ, ನಾಳೆ ಒಲೆ ಬೇರೆ, ನಾಡಿದ್ದು ನಡುಮನೇಲಿ ಗೋಡೆ. ನಮಗ್ಯಾಕೆ ಆ ಉಸಾಬರಿ?"

ಅಲ್ಲಿಗೆ ಮಾತು ಮುಗಿಯಿತು ಎಂದು ಅಣ್ಣ ಯಂತ್ರಕ್ಕೆ ತಿರುಗಿ ಸುತ್ತಲು ಕೂತ. ಏಜೆಂಟನ ಪ್ರಕಾರ ಮಾತು ಆಗಷ್ಟೇ ಶುರುವಾಗಿತ್ತು. ಅವನು ಕೆಮ್ಮಿ, ಷರತ್ತುಗಳನ್ನು ಒಂದೊಂದಾಗಿ ವಿವರಿಸತೊಡಗಿದ. ಅಣ್ಣನ ತಲೆ ಹತ್ತು ಸುತ್ತಿಗೊಮ್ಮೆ ಆಡಿತು. ಏಜೆಂಟ್ ಪ್ರತಿ ಸಲವೂ ಖುಷಿಯಾಗಿ, "ಸರಿ ಅಲ್ವಾ? ಮುಂದಿಂದು ಹೇಳ್ತೀನಿ" ಎಂದ. ಮೂಲೆಯಲ್ಲಿ ಕುಕ್ಕರುಗಾಲಲ್ಲಿ ಕೂತು ತುಕ್ಕು ಉಜ್ಜುತ್ತಿದ್ದ ತಮ್ಮನಿಗೆ ಎಲ್ಲವೂ ಕಾಣುತ್ತಿತ್ತು. ಇವನು ಕಿವುಡನ ಮುಂದೆ ಕಿನ್ನರಿ ಬಾರಿಸುತ್ತಿದ್ದಾನಲ್ಲ ಎಂದು ಒಳಗೊಳಗೇ ನಕ್ಕಿದ್ದ. ಆಮೇಲೆ ಬಂದ ನೆಂಟರಿಗೆಲ್ಲ ಏಜೆಂಟನ ಕೆಮ್ಮು ಸಮೇತ ಅದನ್ನು ನಟಿಸಿ ತೋರಿಸಿದ್ದ. ಅಣ್ಣನೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ.

*

ಸ್ಮಶಾನದಲ್ಲಿ ಬಿಸಿಲು ನೆತ್ತಿಗೇರಿತ್ತು. ಒಬ್ಬೊಬ್ಬರಾಗಿ ಹಿಡಿಮಣ್ಣು ಹಾಕಿ ಹಿಂದಕ್ಕೆ ಸರಿದರು. ಪಕ್ಕದ ಬೀದಿಯ ಹೆಂಗಸರ ಹಾಸ್ಟೆಲಿನ ವಾರ್ಡನ್ ಕೂಡ ಬಂದಿದ್ದಳು. ಮೇಜಿನ ಮೇಲೆ ಅರ್ಧಕ್ಕೆ ನಿಂತಿದ್ದು ಅವಳ ಹಾಸ್ಟೆಲಿನ ಪಂಪು. ಅಲ್ಲಿ ಮೂರು ದಿನದಿಂದ ನಲ್ಲಿಯಲ್ಲಿ ನೀರಿರಲಿಲ್ಲ. ಅವಳು ಅದರ ಮಾತೆತ್ತಲಿಲ್ಲ. ಮಣ್ಣು ಹಾಕಿ, ಕೈ ಮುಗಿದು, ಹೊರಟುಹೋದಳು.

ತಮ್ಮ ಮಣ್ಣು ಹಾಕಲು ಬಗ್ಗಿದಾಗ ಕಣ್ಣು ಕತ್ತಲೆಗಟ್ಟಿತು. ಅಣ್ಣನಿಲ್ಲದ ಅಂಗಡಿ ಹೇಗಿರುತ್ತದೆ ಎಂದು ಅವನು ಒಮ್ಮೆಯೂ ಯೋಚಿಸಿರಲಿಲ್ಲ. ಮರದ ನೆರಳಿನ ಕಟ್ಟೆಯ ಮೇಲೆ ಬಂದು ಕೂತ. ಏಜೆಂಟ್ ಬಂದು ಪಕ್ಕದಲ್ಲಿ ಕೂತು ಎರಡು ಸಲ ಕೆಮ್ಮಿದ.

"ಬೆಳಿಗ್ಗೆ ನಿಮ್ಮನೇಲಿ ಒಂದು ಮಾತು ಕೇಳಿಸ್ಕೊಂಡೆ. ಅತ್ತಿಗೆಯವರು ಮಗಳ ಹತ್ರ ಹೇಳ್ಕೊಂಡು ಅಳ್ತಾ ಇದ್ರು. ಅಣ್ಣಾವ್ರಿಗೆ ಎದೆನೋವು ಮೊದಲೇ ಇತ್ತಂತೆ?"

"ಇಲ್ವಲ್ಲ!"

"ಇತ್ತಂತೆ. ಡಾಕ್ಟರಿಗೂ ತೋರಿಸಿದ್ರಂತೆ. ಬೇಗ ಬಂದು ಸೇರ್ಕೊಳ್ಳಿ, ರಕ್ತನಾಳ ಕಟ್ಕೊಂಡಿದೆ ಅಂದಿದ್ರಂತೆ. ಇವರು ಪಾಲಿಸಿ ವರ್ಷ ತಿರುಗಲಿ ಅಂತ ಕಾಯ್ತಿದ್ರಂತೆ. ಹಂಡೆ ಖಾಲಿಯಾಗಿದೆ, ತುಂಬಲಿ ಅಂತ."

ತಮ್ಮ ತನ್ನ ಮೊಣಕಾಲುಗಳನ್ನು ನೋಡಿಕೊಂಡ. ಮಗಳು ಮೆಟ್ಟಿಲ ಮೇಲಿಂದ ಹೇಳಿದ ಮಾತಿಗೆ ಈಗ ಅರ್ಥ ಸಿಕ್ಕಿತು. ಹಂಡೆಯ ನೀರೆಲ್ಲ ಸುರಿದುಕೊಂಡವನು ಅವನೇ.

"ಹೋದ ವಾರ ಫೋನ್ ಮಾಡಿದ್ರು ನಂಗೆ" ಏಜೆಂಟ್ ಕರವಸ್ತ್ರದಿಂದ ಮುಖ ಒರೆಸಿಕೊಂಡ. "ವರ್ಷ ಯಾವತ್ತು ತಿರುಗುತ್ತಪ್ಪಾ ಅಂತ ಕೇಳಿದ್ರು. ಕಂತು ಕಟ್ಟೋಕೆ ಕೇಳ್ತಿದ್ದಾರೆ ಅನ್ಕೊಂಡೆ. ಎದೆನೋವು ಅಂತ ಒಂದು ಮಾತು ಅಂದಿದ್ರೆ... ಕಾಯೋದೇ ಬೇಕಿರ್ಲಿಲ್ಲ ಯಜಮಾನ್ರೇ."

"ಏನು ಹಾಗಂದ್ರೆ?"

"ನಿಮ್ಮ ಪಾಲಿಸೀಲಿ ಒಂದು ಅನುಕೂಲ ಇದೆ. ವರ್ಷದ ಮಧ್ಯದಲ್ಲಿ ಮೊತ್ತ ಮುಗಿದುಹೋದ್ರೆ ಒಂದು ಸಲ ತಾನಾಗೇ ಪೂರ್ತಿ ತುಂಬುತ್ತೆ. ಬೇರೆಯವರಿಗೆ, ಬೇರೆ ಕಾಯಿಲೆಗೆ. ನಿಮ್ಮ ಕಾಲಿನ ಬಿಲ್ಲು ಪಾಸಾಯ್ತಲ್ಲ, ಅವತ್ತೇ ತುಂಬಿತ್ತು. ಅಣ್ಣಾವ್ರ ಪಾಲಿಗೆ ಹಂಡೆ ತುಂಬಿಕೊಂಡೇ ಇತ್ತು."

ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದರು ಎನ್ನುತ್ತಾರೆ. ಅಣ್ಣ ಹುಡುಕಲೂ ಇಲ್ಲ, ಸುಮ್ಮನೆ ಕಾದ.

"ನಾನು ಹೇಳಿದ್ದೆ" ಎಂದ ಏಜೆಂಟ್. "ಮೊದಲ ದಿನಾನೇ ಹೇಳಿದ್ದೆ, ನಿಮ್ಮ ಅಂಗಡೀಲಿ ಕೂತ್ಕೊಂಡು. ಅಣ್ಣಾವ್ರು ತಲೆ ಆಡಿಸಿದ್ರು. ನೀವೂ ಅಲ್ಲೇ ಇದ್ರಿ. ಜ್ಞಾಪಕ ಇದೆಯಲ್ಲ?"

"ಇದೆ" ಎಂದ ತಮ್ಮ.

"ಅತ್ತಿಗೆಯವರಿಗೆ ಈ ವಿಷಯ ಹೇಳ್ಬೇಕು. ಕಂತು ಕಟ್ಟೋಕೂ ಇನ್ನು ನಾಲ್ಕೇ ದಿನ ಇರೋದು. ನಾನೇ ಬಂದು..."

ತಮ್ಮ ತಟ್ಟನೆ ಅವನ ಮಣಿಕಟ್ಟು ಹಿಡಿದುಕೊಂಡ. "ಬೇಡ. ಬೇಡ ಮಾರಾಯ್ರೇ. ಹೇಳ್ಬೇಡಿ."

"ಗೊತ್ತಾಗೋದು ಬೇಡ್ವಾ?"

"ಎದೆನೋವು ಇರೋದು ಅತ್ತಿಗೆಗೆ ಒಬ್ಬರಿಗೇ ಗೊತ್ತಿತ್ತು. ತಾನು ಒಂದು ಮಾತು ಬಾಯಿಬಿಟ್ಟಿದ್ರೆ ಅಣ್ಣ ಬದುಕ್ತಿದ್ದ ಅಂತ ಗೊತ್ತಾದ್ರೆ ಇನ್ನು ಅವರು ಬದುಕೋದು ಹೇಗೆ?"

ಏಜೆಂಟ್ ನೆಲ ನೋಡಿದ. ಸ್ವಲ್ಪ ದೂರದಲ್ಲಿ ಚಪ್ಪಲಿಯ ಮಣ್ಣು ಕೊಡವುತ್ತಿದ್ದ ಕ್ಷೌರಿಕ ಇವರ ಕಡೆಗೇ ನೋಡುತ್ತಿದ್ದ. ಇಬ್ಬರು ಮಾತಾಡುವುದನ್ನು ನೋಡದೆ ಬಿಟ್ಟ ದಿನ ಅವನ ಬದುಕಿನಲ್ಲೇ ಇರಲಿಲ್ಲ.

*

ಮೊಣಕಾಲಿನ ಆಪರೇಷನ್ ಬೇಡ ಬೇಡವೆಂದು ಎರಡು ವರ್ಷ ತಳ್ಳಿದವನು ತಮ್ಮನೇ. ಕುಕ್ಕರುಗಾಲಲ್ಲಿ ಕೂತೂ ಕೂತೂ ಸವೆದ ಕಾಲು. ಎದ್ದರೆ ಕೂರಲಾಗುತ್ತಿರಲಿಲ್ಲ, ಕೂತರೆ ಏಳಲಾಗುತ್ತಿರಲಿಲ್ಲ.

"ವಿಮೆ ಇದೆಯಲ್ಲೋ. ಹಂಡೆ ತುಂಬ ನೀರಿಟ್ಕೊಂಡು ಕೊಳಕಾಗಿ ಕೂತಿರ್ತಾರಾ? ಎರಡೂ ಒಟ್ಟಿಗೇ ಮಾಡಿಸ್ಕೋ" ಎಂದು ಅಣ್ಣ ಬೆನ್ನುಬಿದ್ದ. ಆಸ್ಪತ್ರೆಯವರು ಬಿಡುಗಡೆಯ ದಿನ ವಿಮಾ ಕಂಪನಿಯ ಒಪ್ಪಿಗೆ ಬರಲಿ ಎಂದು ಸಂಜೆಯವರೆಗೂ ಕೂರಿಸಿದರು. ಬಿಲ್ಲಿನ ಹಾಳೆಗಳನ್ನು ಅಣ್ಣ ತಂತಿಯ ಸುತ್ತುಗಳಂತೆ ಬೆರಳಿಟ್ಟು ಓದಿದ. ಕೈಗವಸಿಗೆ, ಹತ್ತಿಗೆ, ಊಟದ ತಟ್ಟೆಗೆ ಕೂಡ ಬೇರೆ ಬೇರೆ ದರ ಹಾಕಿದ್ದರು.

"ಇಡೀ ಊರಿನ ಪಂಪೆಲ್ಲ ಸುತ್ತಿಕೊಟ್ರೂ ಇಷ್ಟು ಬಿಲ್ಲಾಗಲ್ಲ ಕಣೋ. ಹಂಡೆ ತಳ ಕಾಣ್ತು."

"ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರೆ. ನನ್ನ ಕಾಲಿಗೆ ಇಡೀ ಮನೆ ಹಾಸಿಗೆ ಹೋಯ್ತು" ಎಂದಿದ್ದ ತಮ್ಮ, ನಿಜವಾಗಿಯೂ ನಾಚಿಕೊಂಡು.

"ಹೋಗ್ಲಿ ಬಿಡು. ವರ್ಷ ತಿರುಗಿದ್ರೆ ತುಂಬುತ್ತೆ."

ಆಮೇಲಿನ ದಿನಗಳಲ್ಲಿ ಇಬ್ಬರೂ ಒಟ್ಟಿಗೆ ಮೆಟ್ಟಿಲು ಹತ್ತುತ್ತಿದ್ದರು. ಡಾಕ್ಟರು ಹೇಳಿದ ವ್ಯಾಯಾಮ ಅದು. ಮೊದಮೊದಲು ತಮ್ಮ ನಿಲ್ಲುತ್ತಿದ್ದ, ಅಣ್ಣ ಕಾಯುತ್ತಿದ್ದ. ಕ್ರಮೇಣ ಅಣ್ಣನೇ ನಡುವೆ ನಿಲ್ಲತೊಡಗಿದ. ಗೋಡೆಗೆ ಒಂದು ಕೈ ಊರಿ, ಇನ್ನೊಂದು ಕೈಯ ತೋರುಬೆರಳು ಎತ್ತುತ್ತಿದ್ದ. ಏನೋ ಲೆಕ್ಕ ಹಾಕುತ್ತಿದ್ದಾನೆ ಎಂದುಕೊಂಡು ತಮ್ಮ ಮೇಲಿನ ಮೆಟ್ಟಿಲಲ್ಲಿ ಸುಮ್ಮನೆ ನಿಂತು ಕಾಯುತ್ತಿದ್ದ.

*

ಮನೆಗೆ ಬಂದು ಸ್ನಾನ ಮುಗಿಸುವಷ್ಟರಲ್ಲಿ ನೆಂಟರು ಕರಗಿದ್ದರು. ನಡುಮನೆಯಲ್ಲಿ ಅತ್ತಿಗೆ ಗೋಡೆಗೆ ಒರಗಿ ಕೂತಿದ್ದಳು. ಕೆಳಗೆ ಕೂರಲಾಗದ ತಮ್ಮ ಕುರ್ಚಿಯಲ್ಲಿ ಕೂತ. ಮನೆಯವರೆಲ್ಲ ನೆಲದ ಮೇಲಿದ್ದಾಗ ತಾನೊಬ್ಬ ಎತ್ತರದಲ್ಲಿ ಕೂತಿರುವುದು ಅವನಿಗೆ ಚುಚ್ಚಿತು. ಮಗಳು ನೀರಿನ ಲೋಟ ತಂದು ಅವನ ಮುಂದೆ ಇಟ್ಟಳು.

"ಅಪ್ಪ ಎರಡು ತಿಂಗಳಿಂದ ನೋವು ತಿಂದ್ರು. ನಿಮಗೆ ಒಂದು ದಿನಾನೂ ಅನುಮಾನ ಬರ್ಲಿಲ್ವಾ?"

ಯಾವತ್ತೂ 'ನೀನು' ಎನ್ನುತ್ತಿದ್ದ ಹುಡುಗಿ. ಇದೇ ಹೆಗಲ ಮೇಲೆ ಕೂತು ಅಂಗಡಿಯ ಶಟರಿಗೆ ಬಣ್ಣ ಬಳಿದವಳು.

"ಬರ್ಲಿಲ್ಲ ಪುಟ್ಟೀ."

"ಕಾಲು ಇನ್ನೊಂದು ವರ್ಷ ಕಾಯ್ತಿತ್ತು. ಎದೆ ಕಾಯುತ್ತಾ? ಹೇಳಿ."

ತಮ್ಮನ ಹೆಂಡತಿ ಅಡುಗೆಮನೆಯಿಂದ ಧಾವಿಸಿ ಬಂದಳು. "ಇದೇನೇ ಹೀಗೆ ಮಾತಾಡ್ತೀಯ? ಇವರೆಲ್ಲಿ ಹೋಗ್ತೀನಿ ಅಂದ್ರು? ಭಾವನೇ ಕೈಹಿಡಿದು ಎಳ್ಕೊಂಡು ಹೋಗಿದ್ದು! ಆ ಏಜೆಂಟನ್ನಾದ್ರೂ ಕರೆದು ಕೇಳೋಣ, ಬೇರೆ ಏನೂ..."

"ಸುಮ್ನಿರೇ!"

ಅವನು ಅಷ್ಟು ಜೋರಾಗಿ ಕೂಗಿದ್ದನ್ನು ಆ ಮನೆ ಕೇಳಿರಲಿಲ್ಲ. ಹೆಂಡತಿ ಬಾಯಿಗೆ ಸೆರಗು ಒತ್ತಿಕೊಂಡಳು. ಸತ್ಯ ಅವನ ನಾಲಿಗೆಯ ತುದಿಯಲ್ಲಿತ್ತು. ಒಂದೇ ಒಂದು ವಾಕ್ಯ ಆಡಿದ್ದರೆ ಕಾಲಿನ ಮೇಲಿನ ಅಪರಾಧ ಇಳಿದು, ನೇರವಾಗಿ ಹೋಗಿ ಗೋಡೆಗೆ ಒರಗಿದ್ದ ಅತ್ತಿಗೆಯ ಮೇಲೆ ಬೀಳುತ್ತಿತ್ತು. ಅವನು ಸ್ಕೂಲಿಗೆ ಹೋಗುವ ವಯಸ್ಸಿನಲ್ಲಿ ಈ ಮನೆಗೆ ಸೊಸೆಯಾಗಿ ಬಂದು, ಅವನ ತಲೆ ಬಾಚಿ, ಕಾಗುಣಿತ ತಿದ್ದಿಸಿದ ಅತ್ತಿಗೆ.

"ಅವಳು ಹೇಳ್ತಿರೋದು ಸರಿ" ಎಂದ. "ನನ್ನ ಕಾಲಿಂದಲೇ ಆಯ್ತು. ಎಲ್ಲಾ ನಾನೇ ಖಾಲಿ ಮಾಡ್ದೆ."

ಮಗಳು ಇಂಥ ಉತ್ತರವನ್ನು ನಿರೀಕ್ಷಿಸಿರಲಿಲ್ಲ. ಜಗಳಕ್ಕೆ ಕೈ ಎತ್ತಿದವಳಿಗೆ ಎದುರಾಳಿಯೇ ಇಲ್ಲದಂತಾಗಿ, ಮುಖ ಮುಚ್ಚಿಕೊಂಡು ಅಳತೊಡಗಿದಳು. ಅತ್ತಿಗೆ ಮಾತ್ರ ಅಳಲಿಲ್ಲ. ಮೈದುನನ ಮುಖವನ್ನೇ ನೋಡುತ್ತಿದ್ದಳು. ಚಿಕ್ಕಂದಿನಲ್ಲಿ ಅವನು ಕದ್ದು ಸಕ್ಕರೆ ತಿಂದ ದಿನ ನೋಡುತ್ತಿದ್ದಂತೆ.

*

ಸಂಜೆ ತಮ್ಮ ಕೆಳಗಿಳಿದು ಶಟರು ಎತ್ತಿದ. ಹಾಸ್ಟೆಲಿನ ಹೆಂಗಸರಿಗೆ ನೀರಿಲ್ಲ. ಹೆಂಡತಿಗೆ ಅವನು ಹೇಳಿದ ಕಾರಣ ಅದು, ಸುಳ್ಳೇನಲ್ಲ. ಆದರೆ ಮೇಲೆ ಆ ಕುರ್ಚಿಯಲ್ಲಿ ಕೂತಿರಲು ಅವನಿಂದ ಆಗುತ್ತಿರಲಿಲ್ಲ.

ಅಣ್ಣ ಎಷ್ಟು ಸುತ್ತಿದ್ದನೋ ಅವನೊಬ್ಬನಿಗೇ ಗೊತ್ತು. ಇನ್ನೊಬ್ಬನ ಎಣಿಕೆಯನ್ನು ಮುಂದುವರಿಸಲು ಬರುವುದಿಲ್ಲ. ಬಿಚ್ಚಿ ಮೊದಲಿನಿಂದ ಸುತ್ತಬೇಕು. ತಮ್ಮ ಹಿಡಿಕೆಯನ್ನು ಹಿಂದಕ್ಕೆ ತಿರುಗಿಸುತ್ತ ತಂತಿ ಬಿಚ್ಚಿದ. ಬಿಚ್ಚುವಾಗ ಬೇಕೆಂದೇ ಎಣಿಸಲಿಲ್ಲ. ಅಣ್ಣ ಯಾವ ಸಂಖ್ಯೆಯ ಮೇಲೆ ನಿಂತ ಎಂದು ತಿಳಿದುಕೊಂಡರೆ ಅದು ಜೀವಮಾನವೆಲ್ಲ ಕಿವಿಯಲ್ಲಿ ಉಳಿಯುತ್ತದೆ ಎಂದು ಭಯವಾಯಿತು. ಬಿಚ್ಚಿದ ತಂತಿಯನ್ನು ಪಕ್ಕಕ್ಕಿಟ್ಟು, ಹೊಸ ತಂತಿಯ ತುದಿಯನ್ನು ಅಚ್ಚಿಗೆ ಸಿಕ್ಕಿಸಿ, ಒಂದರಿಂದ ಶುರುಮಾಡಿದ.

ಮೆಟ್ಟಿಲ ಮೇಲೆ ಹೆಜ್ಜೆಯ ಸದ್ದಾಯಿತು. ಅತ್ತಿಗೆ ಗೋಡೆ ಹಿಡಿದುಕೊಂಡು ಇಳಿದು ಬಂದು ಬಾಗಿಲಲ್ಲಿ ನಿಂತಳು.

"ಎಷ್ಟು ಸಲ ಹೇಳೋಣ ಅಂತ ಬಾಯಿ ತೆರೆದೆ ಗೊತ್ತಾ ನಿಂಗೆ? ಅವರು ಆಣೆ ಹಾಕಿಸ್ಕೊಂಡಿದ್ರು. ತಮ್ಮನಿಗೆ ಗೊತ್ತಾದ್ರೆ ಆ ಹೊಸ ಕಾಲಲ್ಲೇ ಸಾಲಕ್ಕೆ ಓಡ್ತಾನೆ, ಅಂಗಡಿ ಅಡ ಇಡ್ತಾನೆ, ಸ್ವಲ್ಪ ದಿನ ತಡಿ ಅಂದ್ರು. ತಡೆದೆ. ನಂಗೆ ಅಭ್ಯಾಸ ಆಗಿಹೋಗಿದೆ ನೋಡು, ತಡೆಯೋದು."

ತಮ್ಮ ತಿರುಗಿ ನೋಡಲಿಲ್ಲ. ಹಿಡಿಕೆ ತಿರುಗುತ್ತಿತ್ತು.

"ಎದುರಂಗಡಿಯವನು ಹೇಳ್ದ. ಸ್ಮಶಾನದಲ್ಲಿ ಏಜೆಂಟ್ ಏನೋ ಹೇಳೋಕೆ ಬಂದ್ನಂತೆ. ನೀನು ಅವನ ಕೈ ಹಿಡ್ಕೊಂಡು ಬೇಡ ಬೇಡ ಅಂದ್ಯಂತೆ. ಮಧ್ಯಾಹ್ನ ಏಜೆಂಟ್ ಅಂದ ತಕ್ಷಣ ಹೆಂಡ್ತಿ ಮೇಲೆ ಕೂಗಿದೆ. ಏನು ಬೇಡ?"

ತುಟಿ ಅಲುಗುತ್ತಿತ್ತು. ಹತ್ತು ತುಂಬಿತು, ತನಗರಿವಿಲ್ಲದೆ ಅವನ ತಲೆ ಆಡಿತು.

"ನನ್ನ ಹತ್ರ ಮುಚ್ಚಿಡಬೇಡ. ನೀನು ಮುಚ್ಚಿಟ್ಟಿದ್ದು ಯಾವತ್ತು ನಂಗೆ ಗೊತ್ತಾಗದೇ ಹೋಗಿದೆ?" ಅತ್ತಿಗೆಯ ದನಿ ಈಗ ಒಡೆಯಿತು. "ಒಂದೇ ಒಂದು ಹೇಳು. ಬೇರೆ ದಾರಿ ಇತ್ತಾ? ನಾನು ಅವರ ಆಣೆ ಮುರಿದು ಯಾರಿಗಾದ್ರೂ ಒಂದು ಮಾತು ಹೇಳಿದ್ದಿದ್ರೆ, ಅವರು ಉಳೀತಿದ್ರಾ?"

ತಮ್ಮನ ಎಡಗೈ ಮೇಜಿನಿಂದ ಮೇಲಕ್ಕೆದ್ದಿತು. ತೋರುಬೆರಳು ನೆಟ್ಟಗೆ ನಿಂತಿತು.

ಅತ್ತಿಗೆ ಥಟ್ಟನೆ ಸುಮ್ಮನಾದಳು. ಮದುವೆಯಾಗಿ ಬಂದಾಗಿನಿಂದ ಆ ಬೆರಳಿನೆದುರು ಅವಳು ಒಂದು ಮಾತೂ ಆಡಿದವಳಲ್ಲ. ಸೆರಗಿನಿಂದ ಕಣ್ಣೊರೆಸಿಕೊಂಡು, ಬಾಗಿಲ ಚೌಕಟ್ಟಿಗೆ ಒರಗಿ, ಎಣಿಕೆ ಮುಗಿಯಲಿ ಎಂದು ಕಾಯತೊಡಗಿದಳು.

ತಾಮ್ರದ ತಂತಿ ಸರಸರನೆ ಬಂದು ಅಚ್ಚನ್ನು ಸುತ್ತಿತು. ಬೇಕಾದಷ್ಟು ಸುತ್ತು ತುಂಬಿತು. ಅದು ತಮ್ಮನಿಗೆ ಗೊತ್ತಿತ್ತು. ತಂತಿ ಅಚ್ಚಿನ ಅಂಚು ಮೀರಿ ಆಚೆ ಜಾರತೊಡಗಿತು. ಅವನು ಹಿಡಿಕೆ ನಿಲ್ಲಿಸಲಿಲ್ಲ, ಬೆರಳು ಇಳಿಸಲಿಲ್ಲ.